ಮಾಯಾ ಅಕಾಡೆಮೀಲಿ ಪಾಠ ಯಾವಾಗ ಮಾಡ್ತಾರೆ?

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಬಸ್ಸಲ್ಲಿ ಕಂಬ ಹಿಡ್ಕೊಂಡು ನಿಂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನೈಟ್ ಶಿಫ್ಟ್ ಮುಗಿಸಿ ಕಂಪನಿ ಗಾಡೀಲಿ ತೂಕಡಿಸ್ತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಈ ಎಪಿಸೋಡ್ ಶುರುವಾಗಿದ್ದು ದೊಡ್ಡಬಳ್ಳಾಪುರದ ನಮ್ಮ ಮನೆ ತಾರಸಿ ಮೇಲೆ. ಭಾನುವಾರ ಸಂಜೆ. ಪಕ್ಕದ ಮನೆ ಮಗ್ಗ ಎಂದಿನ ಹಾಗೆ ಟಕಟಕ ಅಂತಿತ್ತು. ನಾನು ಲ್ಯಾಪ್‌ಟಾಪ್ ಇಟ್ಕೊಂಡು ಒಬ್ಬ ಸೀರೆ ವ್ಯಾಪಾರಿಯ ಜಿಎಸ್‌ಟಿ ಲೆಕ್ಕ ಮಾಡ್ತಿದ್ದೆ. ಹೊಟ್ಟೆಪಾಡು ಅದೇ, ಪಾಡ್‌ಕಾಸ್ಟ್ ಅದರ ಮೇಲಿನ ಹುಚ್ಚು. ನಮ್ಮ ಚಿಕ್ಕಪ್ಪನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಗಣಿತದ ಪುಸ್ತಕ ಮಡಿಲಲ್ಲಿ, ಇಯರ್‌ಫೋನ್ ಕಿವೀಲಿ. ಇದ್ದಕ್ಕಿದ್ದ ಹಾಗೆ ಒಂದು ಕಿವಿಯಿಂದ ಅದನ್ನ ಕಿತ್ತು ಕೇಳಿದಳು:

"ಅಣ್ಣ, ಒಂದ್ ಡೌಟು. ಇನ್ನೂರ ಹತ್ತು ಎಪಿಸೋಡ್ ಆಯ್ತು. ಈ ಅಕಾಡೆಮೀಲಿ ಪಾಠ ಯಾವಾಗ ಮಾಡ್ತಾರೆ?"

ಅವಳು ಕೇಳ್ತಿದ್ದದ್ದು ಒಂದು ಆಡಿಯೋ ಸೀರೀಸು. ಅಂಥದ್ದು ನೀವೂ ಕೇಳಿರ್ತೀರ. ಊರಲ್ಲಿ ಎಲ್ಲರ ಕೈಲೂ ಅವಮಾನ ಪಟ್ಟ ಹುಡುಗ. ದೂರದಲ್ಲೆಲ್ಲೋ ಒಂದು ಮಾಯಾ ಅಕಾಡೆಮಿ. ಬಾಗಿಲಲ್ಲೇ ಒಂದು ಪರೀಕ್ಷಾ ಕಲ್ಲು, ಅದರ ಮೇಲೆ ಕೈ ಇಟ್ಟರೆ ನಿಮ್ಮೊಳಗೆ ಎಷ್ಟು ಶಕ್ತಿ ಇದೆ ಅಂತ ಹೇಳುತ್ತೆ. ಹೀರೋ ಕೈ ಇಟ್ಟಾಗ ಸೊನ್ನೆ ಬರುತ್ತೆ, ಎಲ್ಲರೂ ನಗ್ತಾರೆ. ಆಮೇಲೆ ಕಲ್ಲು ಬಿರುಕು ಬಿಡುತ್ತೆ. ಯಾಕಂದ್ರೆ ಅವನ ಶಕ್ತಿಯನ್ನ ಅಳೆಯೋ ತಾಕತ್ತು ಆ ಕಲ್ಲಿಗಿಲ್ಲ. ಅವನ ರಕ್ತದಲ್ಲೇ ಏನೋ ಇದೆ, ಅದು ಅವನಿಗೇ ಗೊತ್ತಿಲ್ಲ. ಅಲ್ಲಿಂದ ಮುಂದಕ್ಕೆ ದ್ವಂದ್ವಯುದ್ಧ, ಪಂದ್ಯ, ಶತ್ರು, ಒಂಚೂರು ಲವ್ವು, ಮತ್ತೆ ಪಂದ್ಯ. ಪ್ರತಿ ಎಪಿಸೋಡೂ ಇನ್ನೇನು ಏನೋ ಆಗುತ್ತೆ ಅನ್ನೋ ಹೊತ್ತಿಗೆ ನಿಲ್ಲುತ್ತೆ. ಮುಂದಿನದು ಬೇಕಂದ್ರೆ ಕಾಯಿನ್ ಹಾಕ್ಬೇಕು.

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮಡಿಲಲ್ಲಿದ್ದ ಗಣಿತದ ಪುಸ್ತಕ ಮುಚ್ಚಿ ಇನ್ನೊಂದು ಮಾತು ಹೇಳಿದಳು: "ಒಂದ್ ಲೆಕ್ಕಕ್ಕೆ ಸರಿನೇ ಬಿಡು. ಬರೋರಿಗೆ ಹುಟ್ಟಿದಾಗಿಂದಾನೇ ಬರುತ್ತೆ. ನಂಗೆ ಮ್ಯಾಥ್ಸ್ ಪವರ್ ಇಲ್ಲ ಅಣ್ಣ."

ಆವಾಗ ನನ್ನ ನಗೆ ನಿಂತು ಹೋಯ್ತು.

ಇವತ್ತಿನ ಮಾತು ಈ ಮಾಯಾ ಶಾಲೆ ಕತೆಗಳ ಬಗ್ಗೆ. ಇವು ನಮ್ಮನ್ನ ಯಾಕೆ ಇಷ್ಟು ಎಳೀತವೆ, ಎಳೆದು ಯಾಕೆ ಇಷ್ಟು ಸತಾಯಿಸ್ತವೆ. ಅದಕ್ಕೆ ನಾನು ನಿಮ್ಮನ್ನ ಕರ್ಕೊಂಡು ಹೋಗೋದು ವಿದೇಶದ ಕೋಟೆಗಲ್ಲ. ನಮ್ಮ ತಾರಸಿಯಿಂದ ಕಾಣೋ ನಂದಿ ಬೆಟ್ಟದ ಕಡೆಗೆ. ಯಾಕಂದ್ರೆ ಕಲ್ಲಿನ ಪರೀಕ್ಷೆ ಇರೋ ಒಂದು ಮಾಯಾ ಶಾಲೆ ಕತೆ ಈ ಸೀಮೆಯಲ್ಲಿ ಆಳಿದ ರಾಜಮನೆತನದ್ದೇ ಇದೆ. ಅದೂ ಕಲ್ಲಲ್ಲಿ ಕೆತ್ತಿದ್ದು.

ಮೊದಲು ಸೆಳೆತದ ಮಾತು ಮುಗಿಸಿಬಿಡೋಣ, ಯಾಕಂದ್ರೆ ಆ ಸೆಳೆತಕ್ಕೆ ನಾನೂ ಬಿದ್ದವನೇ. ಐದನೇ ಕ್ಲಾಸಲ್ಲಿ ಒಂದು ವಸತಿ ಶಾಲೆಗೆ ಪ್ರವೇಶ ಪರೀಕ್ಷೆ ಬರೆದಿದ್ದೆ. ಗೋಡೆಗೆ ಪಟ್ಟಿ ಅಂಟಿಸಿದ್ರು. ಅಪ್ಪ ಬೆರಳಿಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಎರಡು ಸಲ ಓದಿದ್ರು. ನನ್ನ ಹೆಸರಿರಲಿಲ್ಲ. "ಬಿಡು ಮಗ, ನಮ್ಮೂರ ಶಾಲೆಗೂ ಬಾಗಿಲೈತೆ" ಅಂದ್ರು. ವಾಪಸ್ ಬರುವಾಗ ಕಬ್ಬಿನ ಹಾಲು ಕೊಡಿಸಿದ್ರು. ಅದೇ ಬೇಸಿಗೆ ಕೇಬಲ್ ಟೀವೀಲಿ, ಹಿಂದಿ ಡಬ್ಬಿಂಗ್‌ನಲ್ಲಿ, ಅರ್ಧಂಬರ್ಧ ಅರ್ಥ ಆಗ್ತಾ ಹ್ಯಾರಿ ಪಾಟರ್ ಸಿನಿಮಾ ನೋಡಿದೆ. ಹನ್ನೊಂದು ವರ್ಷ ತುಂಬಿದ ಹುಡುಗನಿಗೆ ಪತ್ರ ಬರುತ್ತೆ. ಒಂದಲ್ಲ, ಮನೆ ತುಂಬ ಪತ್ರ. ದಂಡ, ಮಂತ್ರ, ಹಾರೋ ಪೊರಕೆ ಯಾವುದೂ ನನಗೆ ಮುಖ್ಯ ಆಗಲಿಲ್ಲ. ಆ ಪತ್ರ ಒಂದೇ ತಲೆಯಲ್ಲಿ ಕೂತಿತ್ತು. ಯಾರೋ ಅವನ ಹೆಸರು ಬರೆದು "ಒಳಗೆ ಬಾ" ಅಂದಿದ್ರು.

ಈ ಜಾತಿಯ ಕತೆಗಳ ಗುಟ್ಟು ಅಷ್ಟೇ ಅಂತ ನನಗನ್ಸುತ್ತೆ. ಉರ್ಸುಲಾ ಲೆ ಗ್ವಿನ್ 1968ರಲ್ಲೇ ಅರ್ತ್‌ಸೀ ಅನ್ನೋ ದ್ವೀಪಲೋಕದಲ್ಲಿ ಮಾಂತ್ರಿಕರ ಶಾಲೆ ಕಟ್ಟಿದ್ರು. ಜಿಲ್ ಮರ್ಫಿ 1974ರಲ್ಲಿ ಮಂತ್ರ ತಪ್ಪು ತಪ್ಪಾಗಿ ಹಾಕೋ ಹುಡುಗಿಯ ಶಾಲೆ ತಂದ್ರು. 1997ರಲ್ಲಿ ಪಾಟರ್ ಬಂದ. ಜಪಾನಿನ ಮೈ ಹೀರೋ ಅಕಾಡೆಮಿಯಾ 2014ರದ್ದು, ವೆನ್ಸ್‌ಡೇ ಸೀರೀಸ್ 2022ರದ್ದು. ಮಂತ್ರ ಬದಲಾಗಿದೆ, ಯೂನಿಫಾರ್ಮ್ ಬದಲಾಗಿದೆ. ಬಾಗಿಲು ಮಾತ್ರ ಅದೇ. ಹೊರಗೆ ನಿಂತ ಮಗು, ಒಳಗಿಂದ ಬರೋ ಕರೆ.

ನಮಗೆ ಈ ಬಾಗಿಲು ಹೊಸದೇನಲ್ಲ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇವತ್ತಿಗೂ ರಾತ್ರಿಯಿಡೀ ಹಾರ್ಮೋನಿಯಂ ಬಾರಿಸಿ ಕುರುಕ್ಷೇತ್ರ ನಾಟಕ ಆಡ್ತಾರಲ್ಲ, ಅದರಲ್ಲಿ ಕರ್ಣ ಅಳೋದು ಯಾತಕ್ಕೆ? ಪರಶುರಾಮರ ಶಾಲೆಗೆ ಸುಳ್ಳು ಹೇಳಿ ಸೇರಿದ್ದಕ್ಕೆ. ಹುಳ ತೊಡೆ ಕೊರೆದ್ರೂ ಗುರುವಿಗೆ ನಿದ್ದೆಗೆಡಬಾರದು ಅಂತ ಅಲ್ಲಾಡದೆ ಕೂತ. ಆ ತಾಳ್ಮೆಯಿಂದಾನೇ ಅವನ ಹುಟ್ಟಿನ ಗುಟ್ಟು ಬಯಲಾಯ್ತು, ಕಲಿತದ್ದು ಬೇಕಾದ ಹೊತ್ತಿಗೆ ಮರೆತು ಹೋಗ್ಲಿ ಅಂತ ಶಾಪ ಬಂತು. ಕಚ ಶುಕ್ರಾಚಾರ್ಯರ ಹತ್ತಿರ ಸಂಜೀವಿನಿ ವಿದ್ಯೆ ಕಲಿಯೋಕೆ ಶತ್ರುಪಾಳಯಕ್ಕೇ ಹೋದ. ಅವರು ಅವನನ್ನ ಮೂರು ಸಲ ಕೊಂದ್ರು, ಕೊನೆಗೆ ಬೂದಿ ಮಾಡಿ ಗುರುವಿನ ಪಾನೀಯದಲ್ಲೇ ಬೆರೆಸಿದ್ರು. ಪಾಪ, ಅವನಿಗೆ ಪಾಠ ಆಗಿದ್ದು ಗುರುವಿನ ಹೊಟ್ಟೆಯೊಳಗೆ. ಅಂದ್ರೆ ಮಾಯಾ ಶಾಲೆಯ ಕತೆ, ಅಲ್ಲಿನ ಸೆಳೆತ, ಅಲ್ಲಿನ ಅನ್ಯಾಯ ಎಲ್ಲಾ ನಮಗೆ ಅಜ್ಜಿ ಕಾಲದಿಂದ ಗೊತ್ತು.

ಇವು ಪುರಾಣ. ನಾನು ಹೇಳೋಕೆ ಹೊರಟಿದ್ದು ಇತಿಹಾಸದ ಬಾಗಿಲಲ್ಲಿ ನಿಂತಿರೋ ಒಂದು ಕತೆ.

ತಲಕಾಡಿನ ಗಂಗರು ಅಂತ ಸ್ಕೂಲಲ್ಲಿ ಓದಿರ್ತೀರ. ನಾಲ್ಕನೇ ಶತಮಾನದಲ್ಲಿ ಶುರುವಾಗಿ ಹೆಚ್ಚುಕಡಿಮೆ 650 ವರ್ಷ ಆಳಿದ ಮನೆತನ. ಪರೀಕ್ಷೆಗೆ ಶ್ರವಣಬೆಳಗೊಳದ ಗೊಮ್ಮಟ, ಚಾವುಂಡರಾಯ ಅಂತ ಎರಡು ಅಂಕಕ್ಕೆ ಬರೆದು ಮರೀತೀವಿ. ಆದ್ರೆ ಅವರು ನಮ್ಮೋರು ಕಣ್ರೀ. ಅವರ ಮೊದಲ ರಾಜಧಾನಿ ಕುವಲಾಲ, ಅಂದ್ರೆ ಕೋಲಾರ. ಅವರು ತಮ್ಮದು ಅಂತ ಹೇಳ್ಕೊಂಡ ಬೆಟ್ಟ ನಂದಗಿರಿ, ಅಂದ್ರೆ ಭಾನುವಾರ ಬೆಳಗ್ಗೆ ಬೈಕಿನೋರೆಲ್ಲ ಸಾಲುಗಟ್ಟೋ ನಂದಿ. ಎಂಟನೇ ಶತಮಾನದಲ್ಲಿ ಶ್ರೀಪುರುಷನ ಕಾಲಕ್ಕೆ ಅವರ ಒಂದು ರಾಜಧಾನಿ ಮಾನ್ಯಪುರ. ಇವತ್ತಿನ ಹೆಸರು ಮಣ್ಣೆ, ನೆಲಮಂಗಲ ತಾಲ್ಲೂಕು. ಹೋಗಿ ನೋಡಿ, ಕಪಿಲೇಶ್ವರ ದೇವಸ್ಥಾನದ ಹಳೇ ಕಲ್ಲುಗಳು ಇನ್ನೂ ನಿಂತಿವೆ. ಒಂದು ಕಾಲದ ರಾಜಧಾನಿ, ಈಗ ಒಂದು ಹಳ್ಳಿ.

ಈ ಗಂಗರು ಹೇಗೆ ಶುರುವಾದ್ರು ಅನ್ನೋ ಕತೆ ವಿಸ್ತಾರವಾಗಿ ಸಿಗೋದು ಶಿವಮೊಗ್ಗ ಹತ್ತಿರದ ಕಲ್ಲೂರುಗುಡ್ಡದ ಶಾಸನದಲ್ಲಿ. ಅದರ ಕಾಲ 1121ರ ಸುಮಾರು. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಸಾವಿರಾರು ಶಾಸನಗಳಲ್ಲಿ ಇದೂ ಒಂದು. ಕತೆಯನ್ನ ನನ್ನ ಮಾತಲ್ಲೇ ಹೇಳ್ತೀನಿ.

ಉತ್ತರದ ಕಡೆ ಪದ್ಮನಾಭ ಅಂತ ಒಬ್ಬ ರಾಜ. ಅವನ ಮನೆತನದ ಹತ್ತಿರ ಇಂದ್ರ ಕೊಟ್ಟ ಆಭರಣಗಳಿದ್ದವು. ಉಜ್ಜಯಿನಿಯ ಮಹೀಪಾಲ ಅವು ನನಗೆ ಬೇಕು ಅಂತ ದಂಡೆತ್ತಿ ಬಂದ. ಪದ್ಮನಾಭ ಕೊಡಲಿಲ್ಲ. ಯುದ್ಧ ತಪ್ಪಲ್ಲ ಅಂತ ಗೊತ್ತಾದಾಗ ತನ್ನಿಬ್ಬರು ಗಂಡುಮಕ್ಕಳು ದಡಿಗ ಮತ್ತು ಮಾಧವರನ್ನ, ಅವರ ಜೊತೆ ಅವರ ತಂಗೀನ, ಒಂದಷ್ಟು ಬ್ರಾಹ್ಮಣ ಪರಿವಾರಾನ ದಕ್ಷಿಣಕ್ಕೆ ಕಳಿಸಿಬಿಟ್ಟ. ಮನೆ ಇಲ್ಲ, ರಾಜ್ಯ ಇಲ್ಲ, ಮುಂದೇನು ಅಂತ ಗೊತ್ತಿಲ್ಲ. ಮಕ್ಕಳು ನಡೀತಾ ನಡೀತಾ ಪೇರೂರಿಗೆ ಬಂದ್ರು. ಅದು ಇವತ್ತಿನ ಆಂಧ್ರದಲ್ಲಿದೆ. ಅಲ್ಲಿ ಒಂದು ಬಸದಿ, ಅಲ್ಲಿ ಸಿಂಹನಂದಿ ಅನ್ನೋ ಜೈನ ಆಚಾರ್ಯರು.

ಹೊರಗೆ ನಿಂತ ಮಕ್ಕಳು, ಒಳಗಿಂದ ಬಂದ ಕರೆ. ಗುರುತು ಸಿಕ್ತಾ?

ಸಿಂಹನಂದಿ ಅವರನ್ನ ನೋಡಿದ್ರು, ಕತೆ ಕೇಳಿದ್ರು, ಶಿಷ್ಯರಾಗಿ ಸೇರಿಸ್ಕೊಂಡ್ರು, ವಿದ್ಯೆ ಕಲಿಸಿದ್ರು. ಪದ್ಮಾವತಿ ದೇವಿಯಿಂದ ಅವರಿಗೆ ವರ ಕೊಡಿಸಿದ್ರು. ಖಡ್ಗ ಸಿಕ್ತು. ಮಾಧವ ಆ ಖಡ್ಗ ಎತ್ತಿ ತನ್ನೆಲ್ಲಾ ಬಲ ಹಾಕಿ ಎದುರಿಗಿದ್ದ ಕಲ್ಲಿನ ಕಂಬಕ್ಕೆ ಹೊಡೆದ. ಕಂಬ ಮುರಿದು ಬಿತ್ತು. ಗುರು ಕರ್ಣಿಕಾರ ಹೂವಿನ ಎಸಳಿಂದ ಕಿರೀಟ ಮಾಡಿ ಕಟ್ಟಿದ್ರು, ಅಕ್ಷತೆ ಹಾಕಿದ್ರು. ತಮ್ಮ ಕೈಲಿದ್ದ ನವಿಲುಗರಿಯ ಪಿಂಛವನ್ನೇ ಬಾವುಟ ಮಾಡಿ ಕೊಟ್ರು. ನಂದಗಿರಿ ನಿಮ್ಮ ಕೋಟೆ, ಕುವಲಾಲ ನಿಮ್ಮ ಊರು, ಗಂಗವಾಡಿ ತೊಂಬತ್ತಾರು ಸಾವಿರ ನಿಮ್ಮ ನಾಡು. ಹೀಗೆ ಶುರುವಾಯ್ತಂತೆ ಗಂಗರ ರಾಜ್ಯ.

ಅನಾಥರಾದ ರಾಜಕುಮಾರರು, ಗುಪ್ತ ವಂಶ, ಗುರು, ದೇವತೆಯ ಕತ್ತಿ, ಪರೀಕ್ಷಾ ಕಲ್ಲು, ಕಿರೀಟ. ಇದನ್ನ ಇವತ್ತು ಯಾವುದಾದ್ರೂ ಆಡಿಯೋ ಆ್ಯಪ್‌ಗೆ ಕೊಟ್ಟರೆ ನಾನ್ನೂರು ಎಪಿಸೋಡ್ ಎಳೀತಾರೆ.

ನಾನು ಕಾಮರ್ಸ್ ಹುಡುಗ. ನಮಗೆ ಕಲಿಸಿದ ಮೊದಲ ಬುದ್ಧಿ ಏನಂದ್ರೆ, ಪುಸ್ತಕದಲ್ಲಿ ಎಂಟ್ರಿ ಇದ್ರೆ ಸಾಲದು, ವೋಚರ್ ತೋರಿಸು. ಹಾಗಾಗಿ ಈ ಕತೆಯ ಹಳೇ ದಾಖಲೆಗಳನ್ನ ಹುಡುಕ್ಕೊಂಡು ಹೋದೆ.

ಗಂಗರ ಹಳೆಯ ತಾಮ್ರಪಟಗಳಿವೆ, ಸಂಸ್ಕೃತದಲ್ಲಿ. ಅವುಗಳಲ್ಲಿ ಮೂಲಪುರುಷನ ಹೆಸರು ಕೊಂಗಣಿವರ್ಮ. ಅವನನ್ನ ಹೊಗಳೋ ಸಾಲಲ್ಲಿ, ಒಂದೇ ಏಟಿಗೆ ದೊಡ್ಡ ಕಲ್ಲುಕಂಬ ಕತ್ತರಿಸಿದವನು ಅನ್ನೋ ಮಾತು ಇದೆ. ಅಂದ್ರೆ ಕಂಬ ಹಳೇದು. ಆದ್ರೆ ಅಲ್ಲಿ ಗುರು ಇಲ್ಲ. ಬಸದಿ ಇಲ್ಲ, ಪಾಠ ಇಲ್ಲ, ಸಿಂಹನಂದಿಯ ಹೆಸರಿಲ್ಲ. ಒಬ್ಬ ಗಂಡಸು, ಒಂದು ಕತ್ತಿ, ಒಂದು ಕಂಬ. ಅಷ್ಟೇ.

ಸಿಂಹನಂದಿಯ ಹೆಸರು ಗಂಗರ ಜೊತೆ ಕಾಣಿಸ್ಕೊಳ್ಳೋದು ಎಷ್ಟೋ ತಲೆಮಾರು ಕಳೆದ ಮೇಲೆ. 10ನೇ ಶತಮಾನದ ಉದಯೇಂದಿರಂ ತಾಮ್ರಪಟದಲ್ಲಿ, ಸಿಂಹನಂದಿಯ ಮಹಿಮೆಯಿಂದ ಈ ಕುಲ ಏಳಿಗೆಯಾಯ್ತು ಅನ್ನೋ ಸೂಚನೆ ಬರುತ್ತೆ. ಆಮೇಲೆ 1121ರ ಸುಮಾರಿಗೆ ಕಲ್ಲೂರುಗುಡ್ಡದಲ್ಲಿ ಪೂರ್ತಿ ಸಿನಿಮಾ. ಅದಾಗಿ ಕೆಲವೇ ವರ್ಷಕ್ಕೆ, 1129ರಲ್ಲಿ, ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಅದೇ ಕಂಬವನ್ನ ಹಿಡಿದು ಒಂದು ಪ್ರಶ್ನೆ ಹಾಕುತ್ತೆ. ಅದರ ಧಾಟಿ ಹೀಗೆ: ಸಿಂಹನಂದಿ ತಮ್ಮ ಧ್ಯಾನದ ಖಡ್ಗವನ್ನ ಶಿಷ್ಯನಿಗೂ ಕೊಟ್ಟಿರಲೇಬೇಕು, ಇಲ್ಲದಿದ್ರೆ ರಾಜ್ಯಕ್ಕೆ ಅಡ್ಡ ನಿಂತ ಆ ಕಲ್ಲುಕಂಬ ಅವನ ಕೈಲಿ ಹೇಗೆ ಮುರೀತಿತ್ತು?

ಎಂಥಾ ಪ್ರಶ್ನೆ ನೋಡಿ. ಕಂಬ ಮುರಿದ, ಸರಿ. ಕಲಿಸಿದೋರು ಯಾರು?

ಇದನ್ನ ಬರೆಸಿದೋರಿಗೆ ಲಾಭ ಇತ್ತು, ಅದನ್ನ ಮುಚ್ಚಿಡಬಾರದು. 1004ರ ಹೊತ್ತಿಗೆ ಚೋಳರು ತಲಕಾಡು ತಗೊಂಡು ಗಂಗರ ದೊಡ್ಡ ರಾಜ್ಯ ಮುಗಿದಿತ್ತು. ಕಲ್ಲೂರುಗುಡ್ಡದ ಹೊತ್ತಿಗೆ ಉಳಿದಿದ್ದು ಶಿವಮೊಗ್ಗ ಕಡೆ ಮಂಡಲಿ ಸಾವಿರ ಅನ್ನೋ ಸಣ್ಣ ಸೀಮೆ ಆಳ್ತಿದ್ದ ಗಂಗ ವಂಶದ ಪಾಳೆಯಗಾರರು. ತೊಂಬತ್ತಾರು ಸಾವಿರದಿಂದ ಒಂದು ಸಾವಿರಕ್ಕೆ ಇಳಿದೋರು. ಅವರಿಗೆ ತಮ್ಮ ತಾತಂದಿರ ಸರ್ಟಿಫಿಕೇಟ್ ಬೇಕಿತ್ತು. ಜೈನ ಸಮುದಾಯಕ್ಕೆ, ಈ ರಾಜ್ಯ ಕಟ್ಟಿದ್ದು ನಮ್ಮ ಗುರು ಅನ್ನೋ ನೆನಪು ಬೇಕಿತ್ತು. ಎರಡೂ ಸೇರಿ ಕತೆ ಬೆಳೆದಿರಬಹುದು. ನನ್ನ ಮಟ್ಟಿಗೆ, 12ನೇ ಶತಮಾನದ ಶಾಸನ ನಾಲ್ಕನೇ ಶತಮಾನದ ಘಟನೆಗೆ ವೋಚರ್ ಆಗಲ್ಲ. ಆದ್ರೆ 12ನೇ ಶತಮಾನದ ಜನರ ಮನಸ್ಸಿಗೆ ಅದು ಗಟ್ಟಿ ವೋಚರ್. ಅವರಿಗೆ ಬರೀ ಕಂಬ ಸಾಲಲಿಲ್ಲ. ಶಕ್ತಿ ಎಲ್ಲಿಂದಲೋ ಉದುರಲ್ಲ, ಹಿಂದೆ ಒಬ್ಬ ಗುರು ಇರಬೇಕು ಅನ್ನಿಸ್ತು.

ಇನ್ನೊಂದು ವಿಷಯ. ಆ ಗುರು ಶಕ್ತಿಯನ್ನ ಸುಮ್ನೆ ಕೊಡಲಿಲ್ಲ. ಕಲ್ಲೂರುಗುಡ್ಡದ ಶಾಸನದಲ್ಲಿ ಸಿಂಹನಂದಿ ಷರತ್ತು ಹಾಕ್ತಾರೆ. ಕೊಟ್ಟ ಮಾತಿಗೆ ತಪ್ಪಿದ್ರೆ, ಜಿನಶಾಸನ ಒಪ್ಪದಿದ್ರೆ, ಪರಸ್ತ್ರೀಯರ ಮೇಲೆ ಕೈ ಹಾಕಿದ್ರೆ, ಜೇನು ಮಾಂಸ ತಿಂದ್ರೆ, ಕೀಳು ಜನರ ಸಹವಾಸ ಮಾಡಿದ್ರೆ, ಬೇಕಾದೋರಿಗೆ ಕೊಡದಿದ್ರೆ, ರಣರಂಗದಿಂದ ಓಡಿದ್ರೆ ನಿಮ್ಮ ಕುಲ ಕೆಡುತ್ತೆ ಅಂತ. ಇದರಲ್ಲಿ ಕೆಲವು ಇವತ್ತಿಗೂ ಗೋಡೆ ಮೇಲೆ ಬರೆದು ಹಾಕೋ ಹಾಗಿವೆ. 'ಕೀಳು ಜನ' ಅನ್ನೋದು ಮಾತ್ರ ಗಂಟಲಲ್ಲಿ ಸಿಕ್ಕಾಕ್ಕೊಳ್ಳುತ್ತೆ. ಹೊರಗೆ ನಿಂತಿದ್ದ ಮಕ್ಕಳಿಗೆ ಬಾಗಿಲು ತೆಗೆದ ಕತೆಯೇ, ಒಳಗೆ ಬಂದ ಮೇಲೆ ಇನ್ಯಾರಿಗೋ ಬಾಗಿಲು ಹಾಕೋಕೆ ಹೇಳುತ್ತೆ. ಕರ್ಣನ ಕತೆ ಇಲ್ಲೂ ನೆರಳಿನ ಹಾಗೆ ನಿಂತಿದೆ.

ಈಗ ನಮ್ಮ ಹುಡುಗಿಯ ಡೌಟಿಗೆ ಬರೋಣ. ಪಾಠ ಯಾವಾಗ ಮಾಡ್ತಾರೆ? ನಿಜ ಹೇಳ್ಬೇಕಂದ್ರೆ ಕಲ್ಲೂರುಗುಡ್ಡದಲ್ಲೂ ಪಾಠ ತೋರಿಸಿಲ್ಲ. ಕಂಬ, ಕಿರೀಟ, ಪಿಂಛ ಎಲ್ಲಾ ಕಣ್ಣಿಗೆ ಕಟ್ಟೋ ಹಾಗಿದೆ. ವಿದ್ಯೆ ಕಲಿಸಿದ್ದು ಮಾತ್ರ ಒಂದು ಉಸಿರಲ್ಲಿ ಮುಗಿಯುತ್ತೆ. ಎಷ್ಟು ವರ್ಷ? ಏನು ಪಾಠ? ಮಾಧವ ಎಷ್ಟು ಸಲ ಕಂಬಕ್ಕೆ ಹೊಡೆದು ಕೈ ಜೋಮು ಹಿಡಿದು ಕೂತ? ಗೊತ್ತಾಗಲ್ಲ.

ಹಾಗಾದ್ರೆ ಆ ಕಾಲದಲ್ಲಿ ನಿಜವಾದ ಶಾಲೆಗಳ ಲೆಕ್ಕ ಯಾರೂ ಇಡಲಿಲ್ವಾ? ಇಟ್ಟಿದ್ದಾರೆ. ಚೆನ್ನಾಗೇ ಇಟ್ಟಿದ್ದಾರೆ. ಕಲ್ಲೂರುಗುಡ್ಡ ಇರೋ ಅದೇ ಶಿವಮೊಗ್ಗ ಜಿಲ್ಲೆಯಲ್ಲಿ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠ ಅಂತ ಇತ್ತು. ಅದರ 1162ರ ಶಾಸನದಲ್ಲಿ ಸಿಲಬಸ್ ಇದೆ: ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ಅಂತ ವ್ಯಾಕರಣಗಳು, ಆರು ದರ್ಶನ, ಯೋಗಶಾಸ್ತ್ರ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಅಷ್ಟೇ ಅಲ್ಲ. ದಿಕ್ಕಿಲ್ಲದೋರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಊಟ ಸಿಗ್ತಿತ್ತು. ರೋಗ ಬಂದೋರಿಗೆ ಔಷಧ, ಹೆದರಿ ಬಂದೋರಿಗೆ ಅಭಯ. ಕಲಬುರಗಿ ಜಿಲ್ಲೆ ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ 1058ರ ಶಾಸನ ಒಂದು ಘಟಿಕಾಸ್ಥಾನದ ವಿಚಾರ ಹೇಳುತ್ತೆ. ವೇದ ಓದೋರು 200 ಮಂದಿ, ಪುಸ್ತಕ ನೋಡ್ಕೊಳ್ಳೋಕೇ ಆರು ಜನ. ಅವರಿಗೆ ಸರಸ್ವತೀ ಭಂಡಾರಿಗರು ಅಂತ ಹೆಸರು. ಲೈಬ್ರರಿಯನ್‌ಗೆ ಇದಕ್ಕಿಂತ ಚಂದದ ಹೆಸರು ನಾನು ಕೇಳಿಲ್ಲ.

ಅಂದ್ರೆ ಒಂದು ಕಲ್ಲಲ್ಲಿ ಕತೆ ಇದೆ, ಪಾಠ ಇಲ್ಲ. ಇನ್ನೊಂದು ಕಲ್ಲಲ್ಲಿ ಪಾಠ ಇದೆ, ಕತೆ ಇಲ್ಲ. ಕೋಡಿಯ ಮಠದಲ್ಲಿ ವ್ಯಾಕರಣ ತಲೆಗೆ ಹತ್ತದೆ ರಾತ್ರಿ ಕಣ್ಣೀರು ಹಾಕಿದ ಹುಡುಗ ಇದ್ದೇ ಇರ್ತಾನೆ. ಅವನನ್ನ ಯಾರೂ ಕೆತ್ತಲಿಲ್ಲ. ಬಳ್ಳಿಗಾವೆಯಲ್ಲೂ ಎಲ್ಲರಿಗೂ ಸೀಟ್ ಇತ್ತು ಅಂತ ಅಂದ್ಕೋಬೇಡಿ. ಊಟಕ್ಕೆ ಬಂದೋರ ಪಟ್ಟಿ ಉದ್ದ ಇದೆ ಅಂತ ಓದೋಕೆ ಕೂತೋರ ಪಟ್ಟಿಯೂ ಅಷ್ಟೇ ಉದ್ದ ಇತ್ತು ಅನ್ನೋಕಾಗಲ್ಲ.

ಬಳ್ಳಿಗಾವೆಗೆ ಹೋದೋರು ಪಕ್ಕದ ತಾಳಗುಂದಕ್ಕೂ ಹೋಗಿ ಬನ್ನಿ. ಅಲ್ಲಿ ಐದನೇ ಶತಮಾನದ ಒಂದು ಕಲ್ಲುಕಂಬ ಇದೆ. ಇದನ್ನ ಯಾರೂ ಮುರಿದಿಲ್ಲ. ಇದರ ಮೇಲೆ ಕುಬ್ಜ ಅನ್ನೋ ಕವಿ ಬರೆದ ಶಾಸನ ಇದೆ. ಕದಂಬ ಮನೆತನ ಶುರು ಮಾಡಿದ ಮಯೂರಶರ್ಮ, ಗುರು ವೀರಶರ್ಮನ ಜೊತೆ ಹೆಚ್ಚಿನ ಓದಿಗೆ ಅಂತ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು. ಅವಮಾನ ತಡೀಲಾರದೆ ದರ್ಭೆ ಹಿಡಿಯೋ ಕೈಲಿ ಕತ್ತಿ ಹಿಡಿದ, ಕಾಡು ಸೇರಿದ, ಕೊನೆಗೆ ಅದೇ ಪಲ್ಲವರು ಅವನನ್ನ ರಾಜ ಅಂತ ಒಪ್ಪಬೇಕಾಯ್ತು. ಗಮನಿಸಿ, ಈ ಹಳೇ ಶಾಸನದ ಈ ಭಾಗದಲ್ಲಿ ಮಾಯೆ ಇಲ್ಲ. ಓದೋಕೆ ಹೋದ ಹುಡುಗ, ಅವಮಾನ, ಹಟ. ಆದ್ರೆ ಕೆಲವು ಶತಮಾನ ಕಳೆದ ಮೇಲೆ ಬಂದ ಕದಂಬ ಶಾಖೆಗಳ ಶಾಸನಗಳು ಏನು ಹೇಳ್ತವೆ? ಮೂಲಪುರುಷ ಶಿವನ ಹಣೆಯ ಬೆವರ ಹನಿ ಕದಂಬ ಮರದ ಬುಡಕ್ಕೆ ಬಿದ್ದು ಹುಟ್ಟಿದೋನು, ಮೂರು ಕಣ್ಣು, ನಾಲ್ಕು ಕೈ!

ಇಲ್ಲಿ ಎರಡು ದಾರಿ ಕಾಣುತ್ತೆ. ಗಂಗರ ಕತೆ ಬೆಳೀತಾ ಬೆಳೀತಾ ಕಂಬದ ಹಿಂದೆ ಒಬ್ಬ ಮೇಷ್ಟ್ರನ್ನ ಸೇರಿಸ್ತು. ಕದಂಬರ ಕತೆ ಬೆಳೀತಾ ಬೆಳೀತಾ ವಿದ್ಯಾರ್ಥಿಯನ್ನ ಅಳಿಸಿ ಹುಟ್ಟಿನಿಂದಾನೇ ಸೂಪರ್‌ಹೀರೋ ಮಾಡ್ತು.

ಇವತ್ತಿನ ನಮ್ಮ ಆಡಿಯೋ ಸೀರೀಸ್‌ಗಳು ಯಾವ ದಾರಿ ಹಿಡಿದಿವೆ? ಎರಡನೇದು. ಹೆಸರಿಗೆ ಅಕಾಡೆಮಿ, ಒಳಗೆ ಮೂರು ಕಣ್ಣಿನ ಕತೆ. ಕಲ್ಲು ಇಟ್ಕೊಂಡ್ರು, ಮೇಷ್ಟ್ರನ್ನ ಕಳ್ಕೊಂಡ್ರು. ನನಗೆ ಕಿರಿಕಿರಿ ಆಗೋದು ಇಲ್ಲೇ. ಕ್ಲಾಸಿದೆ, ಪಾಠ ಇಲ್ಲ. ಪ್ರಿನ್ಸಿಪಾಲ್ ಇದ್ದಾರೆ, ಕಾಡಿನ ರಾಕ್ಷಸ ಮಕ್ಕಳನ್ನ ಹೊತ್ಕೊಂಡು ಹೋಗುವಾಗ ಮಾತ್ರ ಊರಲ್ಲಿರಲ್ಲ. ಕಷ್ಟಪಟ್ಟು ಓದೋ ಹುಡುಗಿ ಇದ್ದಾಳೆ, ಅವಳ ಕೆಲಸ ಹೀರೋಗೆ ನೋಟ್ಸ್ ಕೊಡೋದು. ಇನ್ನೂರು ಎಪಿಸೋಡ್ ಕೇಳಿದ ಮೇಲೂ ಹೀರೋ ಏನು ಕಲಿತ ಅಂತ ಕೇಳಿದ್ರೆ ಉತ್ತರ ಇಲ್ಲ, ಯಾಕಂದ್ರೆ ಅವನು ಕಲೀಲಿಲ್ಲ. ಒಳಗಿದ್ದದ್ದು ಹೊರಗೆ ಬಂತು, ಅಷ್ಟೇ.

ಮನರಂಜನೆ ತಾನೇ, ಬಿಡು ಅನ್ನಬಹುದು. ನಾನೂ ಅಂದ್ಕೋತಿದ್ದೆ. ಕೆಲಸ ಮುಗಿಸಿ ಬಂದ ರಾತ್ರಿ ನನಗೂ ಅಂಥ ಕತೆ ಬೇಕು. ಚಿಕ್ಕಮ್ಮನ ಫೋನಿಂದ ಮೂರು ತಿಂಗಳಲ್ಲಿ 640 ರೂಪಾಯಿ ಕಾಯಿನ್‌ಗೆ ಹೋಗಿತ್ತು. ಅದಕ್ಕೆ ಬೈಗುಳ ಬಿತ್ತು, ಅದು ಮುಗೀತು. ಆದ್ರೆ "ನಂಗೆ ಮ್ಯಾಥ್ಸ್ ಪವರ್ ಇಲ್ಲ" ಅಂದಳಲ್ಲ, ಆ ನಷ್ಟವನ್ನ ಯಾವ ಕಾಲಮ್ಮಲ್ಲಿ ಬರೀಲಿ? ಕಲ್ಲಿನ ಮೇಲೆ ಕೈ ಇಟ್ಟು ಸೊನ್ನೆ ಬಂತು ಅಂತ ಅವಳು ತಾನೇ ತೀರ್ಮಾನ ಮಾಡ್ಕೊಂಡಿದ್ಲು. ಹತ್ತನೇ ವಯಸ್ಸಲ್ಲಿ ಗೋಡೆ ಮೇಲಿನ ಪಟ್ಟಿ ನೋಡಿ ನಾನೂ ಅದನ್ನೇ ಮಾಡಿದ್ದೆ. ನಾನು ದಡ್ಡ ಅಂತ ಆ ಪಟ್ಟಿ ಹೇಳಿರಲಿಲ್ಲ. ಆ ವರ್ಷ, ಆ ಪರೀಕ್ಷೆ, ಅಷ್ಟು ಸೀಟು, ಅಷ್ಟೇ ಹೇಳಿತ್ತು. ಉಳಿದದ್ದೆಲ್ಲ ನಾನೇ ಸೇರಿಸ್ಕೊಂಡೆ. ಅದನ್ನ ಮೈಯಿಂದ ಕೊಡವಿಕೊಳ್ಳೋಕೆ ಬಿ.ಕಾಂ. ಎರಡನೇ ವರ್ಷದವರೆಗೂ ಬೇಕಾಯ್ತು. ಅಕೌಂಟ್ಸ್ ಮೇಷ್ಟ್ರೊಬ್ಬರು ಟ್ಯಾಲಿ ಆಗದ ನನ್ನ ಬ್ಯಾಲೆನ್ಸ್ ಶೀಟ್ ಇಟ್ಕೊಂಡು, ಬೈಯದೆ, ಸಾಲು ಸಾಲಾಗಿ ಹಿಂದಕ್ಕೆ ಹೋಗಿ ಎಲ್ಲಿ ತಪ್ಪಿದೆ ಅಂತ ತೋರಿಸಿದ್ರು. ಮುಕ್ಕಾಲು ಗಂಟೆ ಹಿಡೀತು. ನನ್ನ ಜೀವನದ ಸಿಂಹನಂದಿ ಅಂದ್ರೆ ಅವರೇ. ಕಿರೀಟ ಗಿರೀಟ ಏನೂ ಕಟ್ಟಲಿಲ್ಲ. "ಇಲ್ನೋಡು, ಸವಕಳಿ ಕಳೆಯೋದು ಮರ್ತಿದೀಯ" ಅಂದ್ರು.

ಅವತ್ತು ತಾರಸಿ ಮೇಲೆ ನಮ್ಮ ಹುಡುಗಿಗೆ ದಡಿಗ ಮಾಧವರ ಕತೆ ಪೂರ್ತಿ ಹೇಳಿದೆ. ನಂದಿ ಬೆಟ್ಟದ ಕಡೆ ಕೈ ತೋರಿಸಿ, ಅದೇ ಅವರ ಕೋಟೆ ಅಂದೆ. ಹಳೇ ತಾಮ್ರಪಟದಲ್ಲಿ ಗುರು ಇರಲಿಲ್ಲ, ಆಮೇಲಿನ ಜನಕ್ಕೆ ಕಲಿಸೋರಿಲ್ಲದೆ ಕಲ್ಲು ಒಡೆಯುತ್ತೆ ಅಂತ ನಂಬೋಕಾಗಲಿಲ್ಲ ಅಂತ ವಿವರಿಸಿದೆ. ಭಾಷಣ ಚೆನ್ನಾಗಿ ಬಂತು ಅಂದ್ಕೊಂಡೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದಳು:

"ತಂಗೀನೂ ಬಂದಿದ್ಲು ಅಂದ್ಯಲ್ಲ ಅಣ್ಣ. ಅವಳು ಏನಾದ್ಲು?"

ಏನಂತ ಹೇಳ್ಲಿ? ಅಣ್ಣಂದಿರ ಜೊತೆ ಅಷ್ಟು ದೂರ ಬಂದವಳು. ಖಡ್ಗದಲ್ಲಿ, ಕಿರೀಟದಲ್ಲಿ, ಬಾವುಟದಲ್ಲಿ ಅವಳಿಗೆ ಪಾಲಿಲ್ಲ. ಅಷ್ಟು ಸಲ ಓದಿದ್ರೂ ನಾನು ಅವಳನ್ನ ದಾಟ್ಕೊಂಡು ಹೋಗಿದ್ದೆ. ಹದಿನೈದರ ಹುಡುಗಿ ಒಂದೇ ಸಲಕ್ಕೆ ಹಿಡಿದ್ಲು. ಎಂಟ್ರಿ ಇದೆ, ಮುಂದೆ ಲೆಕ್ಕ ಇಲ್ಲ. ಇದನ್ನ ಹಿಡಿಯೋ ತಲೆಗೆ ಗಣಿತ ಬರಲ್ವಂತೆ!

ಅದನ್ನೇ ಅವಳಿಗೆ ಹೇಳಿದೆ. "ಸುಮ್ನಿರಣ್ಣ" ಅಂದ್ಲು. ಆದ್ರೆ ಪುಸ್ತಕ ತೆಗೆದ್ಲು. ವರ್ಗ ಸಮೀಕರಣ. ಇಬ್ಬರೂ ಕೂತು ಸಾಲು ಸಾಲಾಗಿ ಹಿಂದಕ್ಕೆ ಹೋದ್ವಿ. ಮೈನಸ್ ಚಿಹ್ನೆ ಮೂರನೇ ಸಾಲಲ್ಲಿ ತಪ್ಪಿತ್ತು. ಒಂದು ಲೆಕ್ಕಕ್ಕೆ ಅರ್ಧ ಗಂಟೆ ಹಿಡೀತು. ಯಾವ ಸೀರೀಸ್‌ನೋರೂ ಇದನ್ನ ಎಪಿಸೋಡ್ ಮಾಡಲ್ಲ. ಪಕ್ಕದ ಮನೆ ಮಗ್ಗ ನಿಂತ ಮೇಲೂ ನಾವು ಅಲ್ಲೇ ಇದ್ವಿ.

ಸೀರೀಸ್ ಅವಳು ಬಿಟ್ಟಿಲ್ಲ, ಬಿಡು ಅಂತ ನಾನೂ ಹೇಳಿಲ್ಲ. ಈಗ ದಿನಕ್ಕೆ ಒಂದೇ ಎಪಿಸೋಡು, ಅದೂ ಕಾಯಿನ್ ಇಲ್ಲದೆ ಸಿಗೋದು. ಕೇಳಿ ಆದ್ಮೇಲೆ ನನಗೆ ಮೆಸೇಜ್ ಹಾಕ್ತಾಳೆ. ನಿನ್ನೆ ಬಂದದ್ದು: "ಎಪಿಸೋಡ್ 226. ಇವತ್ತೂ ಪಾಠ ಇಲ್ಲ."

ನೀವು ಕೇಳೋ ಸೀರೀಸ್‌ನಲ್ಲಿ ಎಲ್ಲಾದ್ರೂ ನಿಜವಾಗ್ಲೂ ಒಂದು ಪಾಠ ಆಗಿದ್ರೆ ನನಗೆ ಬರೆದು ತಿಳಿಸಿ, ಅವಳಿಗೆ ಹೇಳ್ಬೇಕು. ಮುಂದಿನ ವಾರ ಮಣ್ಣೆಗೆ ಹೋಗಿ, ಅಲ್ಲೇ ಕೂತು ಮಾತಾಡೋಣ. ಅಲ್ಲೀವರೆಗೂ ನಮಸ್ಕಾರ.